ಅಳಿಸಿದ ಎಂಟು ಹೆಸರು

ಕಳೆದ ಮಳೆಗಾಲದಲ್ಲಿ ಸಾಗರದ ಒಂದು ಬ್ಯಾಂಕಿಗೆ ಹೋಗಿದ್ದೆ. ಕಂಪ್ಯೂಟರುಗಳನ್ನಿಟ್ಟಿದ್ದ ಒಳಕೋಣೆಯ ಬಾಗಿಲನ್ನು ಯಾರೋ ತೆರೆದರು. ಒದ್ದೆಯಾಗಿ ಮುಗ್ಗಿದ ಕಾರ್ಪೆಟ್ಟಿನ ವಾಸನೆ ಮುಖಕ್ಕೆ ಹೊಡೆಯಿತು. ಚಲನ್ ಅರ್ಧಕ್ಕೇ ಬಿಟ್ಟು ಹೊರಗೆ ಬಂದು ಮೆಟ್ಟಿಲ ಮೇಲೆ ಕಂಬ ಹಿಡಿದು ನಿಂತೆ. ಪಕ್ಕದಲ್ಲಿದ್ದ ಹೆಂಗಸು, "ಬಿ.ಪಿ. ಇದೆಯೇನ್ರೀ?" ಎಂದು ಕೇಳಿದರು. ಬಿ.ಪಿ. ಅಲ್ಲ. ಅಂಥದೇ ವಾಸನೆಯೊಳಗೆ ನಾನು ಒಂದು ಇಡೀ ವರ್ಷ ಕೂತಿದ್ದೆ. ಆ ವರ್ಷ ನಾನು ಮಾಡಿದ ಒಂದು ಕೆಲಸ ನೆನಪಾದರೆ ಇವತ್ತಿಗೂ ಹೀಗೇ ಆಗುತ್ತದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಸಾಗರದ ಒಂದು ಖಾಸಗಿ ಕಾಲೇಜಿನಲ್ಲಿ ಗಣಿತದ ತಾತ್ಕಾಲಿಕ ಉಪನ್ಯಾಸಕಿ. ಏಪ್ರಿಲ್‌ನಲ್ಲಿ ಕೆಲಸ ಮುಗಿಯುತ್ತಿತ್ತು, ಜೂನ್‌ನಲ್ಲಿ ಹೊಸ ನೇಮಕದ ಆರ್ಡರು ಬಂದರೆ ಮತ್ತೆ ಶುರು. ಬರುತ್ತದೋ ಇಲ್ಲವೋ ಎಂಬುದು ಪ್ರಿನ್ಸಿಪಾಲರ ಮುಖ ನೋಡಿ ಊಹಿಸಬೇಕಾದ ವಿಷಯ. ಆ ಜೂನ್‌ನಲ್ಲಿ ನನ್ನ ಆರ್ಡರಿನ ಜೊತೆಗೇ ಕಾಲೇಜಿಗೆ ಒಂದು ಕಂಪ್ಯೂಟರ್ ಬಂತು. ಅದಕ್ಕೊಂದು ಕೋಣೆ ಮಾಡಿದರು. ಧೂಳು ಹೋಗಬಾರದೆಂದು ಕಿಟಕಿಗಳಿಗೆ ಹಲಗೆ ಹೊಡೆದರು, ನೆಲಕ್ಕೆ ಕೆಂಪು ಕಾರ್ಪೆಟ್ಟು ಹಾಸಿದರು. ಸಾಗರದ ಜೂನ್ ತಿಂಗಳಲ್ಲಿ ಧೂಳು ಎಲ್ಲಿಂದ ಬರಬೇಕು? ಬಂದದ್ದು ನೀರು. ಗೋಡೆಯಿಂದ ಒಸರಿ ಕಾರ್ಪೆಟ್ಟಿನ ಅಂಚು ಒದ್ದೆಯಾಯಿತು, ಜುಲೈ ಹೊತ್ತಿಗೆ ನಡುವಿನವರೆಗೂ ಹಬ್ಬಿತು. ಚಪ್ಪಲಿ ಹೊರಗೆ ಬಿಟ್ಟು ಒಳಗೆ ಕಾಲಿಟ್ಟರೆ ಸತ್ತ ಪ್ರಾಣಿಯ ತುಪ್ಪಳ ತುಳಿದ ಹಾಗಾಗುತ್ತಿತ್ತು. ಫ್ಲಾಪಿಗಳಿಗೆ ಬಿಳಿ ಬೂಷ್ಟು ಹಿಡಿಯುತ್ತಿತ್ತು. ಹತ್ತಿಯಿಂದ ಒರೆಸಿ, ಬಲ್ಬಿನ ಹತ್ತಿರ ಹಿಡಿದು ಒಣಗಿಸಿ ಬಳಸುತ್ತಿದ್ದೆವು.

ಆ ಕೋಣೆಯ ಬೀಗದ ಕೈ ಇದ್ದದ್ದು ಸುರೇಂದ್ರ ಅವರ ಬಳಿ. ಅವರು ಭೌತಶಾಸ್ತ್ರದ ಉಪನ್ಯಾಸಕರು, ಕಾಯಂ ನೌಕರರು. ಎರಡು ವಾರದ ತರಬೇತಿ ಮುಗಿಸಿ ಬಂದು ಕಂಪ್ಯೂಟರ್ ವಿಭಾಗದ ಇನ್‌ಚಾರ್ಜ್ ಆಗಿದ್ದರು. ಆನ್ ಮಾಡುವುದು, ಆಫ್ ಮಾಡುವುದು, ಬಂದವರಿಗೆ ದೂರದಿಂದ ತೋರಿಸುವುದು ಅವರಿಗೆ ಗೊತ್ತಿತ್ತು. ಪ್ರೋಗ್ರಾಂ ಬರೆಯಲು ಗೊತ್ತಿರಲಿಲ್ಲ. ಎಂ.ಎಸ್ಸಿ. ಓದುವಾಗ ನಾನು ಸ್ವಲ್ಪ ಕಲಿತಿದ್ದೆ. ಆದ್ದರಿಂದ ಕೆಲಸ ನನ್ನದು, ಬೀಗದ ಕೈ ಅವರದು. ಅವರು ಜೋಕು ಹೇಳಿದರೆ ನಾನು ನಗುತ್ತಿದ್ದೆ, ನಗು ಬರದಿದ್ದಾಗಲೂ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಜುಲೈನಲ್ಲಿ ಕಾಲೇಜಿನ ಲೈಬ್ರರಿಗೆ ಒಂದು ಸೈಕ್ಲೋಸ್ಟೈಲ್ ಪತ್ರಿಕೆ ಬಂತು. ಕಂಪ್ಯೂಟರ್ ಹವ್ಯಾಸಿಗಳ ಒಂದು ಸಣ್ಣ ಬಳಗ ಅದನ್ನು ಮೈಸೂರಿನಿಂದ ಹೊರಡಿಸುತ್ತಿತ್ತು. ಯಾರೂ ಮುಟ್ಟದೆ ಬಿದ್ದಿದ್ದ ಅದನ್ನು ನಾನು ತಂದು ಓದಿದೆ. ಒಳಗೆ ಕನ್ನಡದಲ್ಲಿ ಬರೆದು ಮುದ್ರಿಸುವ ಒಂದು ಪ್ರೋಗ್ರಾಂ ಇತ್ತು. ಮೊದಲ ಸಾಲಿನಿಂದ ಕೊನೆಯ ಸಾಲಿನವರೆಗೆ, ಏನನ್ನೂ ಮುಚ್ಚಿಡದೆ ಅಚ್ಚು ಹಾಕಿದ್ದರು. ಬೇಕಾದವರು ನಕಲು ಮಾಡಿಕೊಳ್ಳಿ, ಬಳಸಿ, ತಿದ್ದಿ, ಇನ್ನೊಬ್ಬರಿಗೆ ಕೊಡಿ ಎಂದು ಮೇಲೆ ಬರೆದಿತ್ತು. ಕೇಳಿಕೊಂಡಿದ್ದದ್ದು ಎರಡೇ ಮಾತು: ತಿದ್ದಿದ್ದನ್ನು ಬಳಗಕ್ಕೂ ಕಳಿಸಿ, ಪರದೆಯ ಮೇಲೆ ಮೊದಲು ಕಾಣುವ ಕೆಲಸ ಮಾಡಿದವರ ಹೆಸರುಗಳನ್ನು ತೆಗೆಯಬೇಡಿ. ಆರು ಹೆಸರುಗಳಿದ್ದವು. ನನಗೆ ಒಬ್ಬರೂ ಗೊತ್ತಿರಲಿಲ್ಲ.

ನಾನು ನಂಬಲಿಲ್ಲ. ಕಾಲೇಜಿನಲ್ಲಿ ನೋಟ್ಸನ್ನೇ ಯಾರೂ ಇನ್ನೊಬ್ಬರಿಗೆ ಕೊಡುತ್ತಿರಲಿಲ್ಲ. ಆದರೂ ಆ ಆರುನೂರು ಸಾಲುಗಳನ್ನು ತರಗತಿ ಮುಗಿದ ಮೇಲೆ ದಿನಾ ಸ್ವಲ್ಪ ಸ್ವಲ್ಪ ಟೈಪ್ ಮಾಡಿದೆ. ಹೊರಗೆ ಮಳೆ ಬಿಡುವು ಕೊಡದೆ ಹೊಯ್ಯುತ್ತಿತ್ತು, ಕರೆಂಟು ಹೋಗುತ್ತಿತ್ತು, ಉಳಿಸಿಕೊಳ್ಳದ ಸಾಲುಗಳು ಹೋಗುತ್ತಿದ್ದವು. ಆಗಸ್ಟಿನಲ್ಲಿ ಒಂದು ಮಧ್ಯಾಹ್ನ ಅದು ಓಡಿತು. ಸಾಗರ ಎಂದು ಬರೆದೆ, ಸಾಗರ ಎಂದೇ ಬಂತು. ಹೊಸನಗರವೂ ಬಂತು. ಅದು ನನ್ನೂರು, ಕಂಪ್ಯೂಟರ್ ಪರದೆಯ ಮೇಲೆ ಅದನ್ನು ನೋಡಿ ಕಣ್ಣು ಒದ್ದೆಯಾಯಿತು. ಆಮೇಲೆ ತೀರ್ಥಹಳ್ಳಿ ಎಂದು ಬರೆದೆ. ಥ ಅಕ್ಷರದ ಪಕ್ಕದಲ್ಲಿ ನಿಲ್ಲಬೇಕಾದ ಅರ್ಕಾವತ್ತು ಅದರ ಹೊಟ್ಟೆಯೊಳಗೇ ಹೋಗಿ ಕೂತು, ಎರಡೂ ಸೇರಿ ಕಪ್ಪು ಮುದ್ದೆಯಾಗಿತ್ತು. ಕರ್ನಾಟಕ ಎಂದು ಬರೆದು ನೋಡಿದೆ, ಸರಿಯಾಗಿಯೇ ಬಂತು. ಬರೆದವರು ಅದನ್ನಷ್ಟೇ ಪರೀಕ್ಷೆ ಮಾಡಿದ್ದಿರಬೇಕು. ಅಗಲವಾದ ಅಕ್ಷರ ಬಂದಾಗ ಮಾತ್ರ ಕೆಡುತ್ತಿತ್ತು.

ಆ ಶನಿವಾರ ಹೊಸನಗರಕ್ಕೆ ಹೋದಾಗ ಮುದ್ರಿಸಿದ ಹಾಳೆಯನ್ನು ಇಬ್ರಾಹಿಂ ಮಾಸ್ಟ್ರಿಗೆ ತೋರಿಸಿದೆ. ಅವರು ಬಸ್ ಸ್ಟ್ಯಾಂಡಿನ ಹತ್ತಿರ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ತಾಲ್ಲೂಕಿನ ಅರ್ಧ ಗುಮಾಸ್ತರು ಅವರ ಕೈಯಲ್ಲಿ ಕಲಿತವರು. ಎಸ್ಸೆಸ್ಸೆಲ್ಸಿ ರಜೆಯಲ್ಲಿ ನಾನೂ ಕಲಿತಿದ್ದೆ. ನಾನು ಉಪನ್ಯಾಸಕಿಯಾದ ಮೇಲೆ ಅವರು ನನ್ನನ್ನು ಬಹುವಚನದಲ್ಲಿ ಮಾತಾಡಿಸಲು ಶುರು ಮಾಡಿದ್ದರು. ಬೇಡವೆಂದರೂ ಕೇಳಲಿಲ್ಲ.

ಹಾಳೆಯನ್ನು ಬಾಗಿಲ ಬೆಳಕಿಗೆ ಹಿಡಿದು ನೋಡಿದರು. "ಅಳತೆ ತಪ್ಪಿದೆ ಮೇಡಂ. ನ-ಗೆ ಎಷ್ಟು ಜಾಗ ಬಿಟ್ಟಿದ್ರೋ ಥ-ಗೂ ಅಷ್ಟೇ ಬಿಟ್ಟಿದಾರೆ. ಥ ದಪ್ಪ ಅಕ್ಷರ. ಮಿಷನ್ನಲ್ಲಿ ನಾವು ಅರ್ಧ ಅಕ್ಷರದ ಜಾಗ ಸರಿಸಿ ಹೊಡಿತೀವಿ, ನೆನಪಿಲ್ವಾ?"

"ನೆನಪಿದೆ ಮಾಸ್ಟ್ರೇ."

"ಹಂಗಾದ್ರೆ ನಿಮ್ಮ ಮಿಷನ್ನಿಗೂ ಅದನ್ನೇ ಹೇಳಿಕೊಡಿ."

ಕಂಪ್ಯೂಟರ್ ಎಂದರೆ ಏನೆಂದು ನೋಡಿರದ ಆ ಮನುಷ್ಯ ಒಂದು ವಾರದಲ್ಲಿ ಎಲ್ಲ ಅಕ್ಷರಗಳ ಅಗಲವನ್ನೂ ಗ್ರಾಫ್ ಹಾಳೆಯ ಮೇಲೆ ಬರೆದುಕೊಟ್ಟರು. ಅದರ ಜೊತೆಗೆ ಮಕ್ಕಳ ಕೈ ಎಡವುವ ಪದಗಳ ಪಟ್ಟಿಯೂ ಇತ್ತು: ದೀರ್ಘ, ಅರ್ಧ, ವರ್ಷ, ಮೂರ್ಛೆ. "ಇವು ಸರಿ ಬಂದ್ರೆ ಎಲ್ಲಾ ಸರಿ ಬರ್ತವೆ" ಎಂದರು. ಅವರು ಹೇಳಿದಂತೆಯೇ ಆಯಿತು.

ಆದರೆ ನಾನು ಅಷ್ಟಕ್ಕೆ ಸುಮ್ಮನಾಗಲಿಲ್ಲ. ಕೈ ಹಾಕಿದ್ದೇನೆ, ಎಲ್ಲವನ್ನೂ ಚೆಂದ ಮಾಡಿಬಿಡೋಣ ಎನಿಸಿತು. ಯಾವ ಕೀಲಿ ಒತ್ತಿದರೆ ಯಾವ ಅಕ್ಷರ ಎಂಬುದನ್ನು ಬದಲಾಯಿಸಿದೆ, ನನಗೆ ಬೇಡವೆನಿಸಿದ್ದನ್ನು ಕಿತ್ತುಹಾಕಿದೆ, ಕೊನೆಗೆ ಎಲ್ಲ ಸಾಲುಗಳಿಗೂ ಹೊಸ ನಂಬರು ಕೊಟ್ಟೆ. ಫ್ಲಾಪಿಯನ್ನು ಎರಡು ರಟ್ಟಿನ ನಡುವೆ ಇಟ್ಟು ಮೈಸೂರಿಗೆ ಕಳಿಸಿದೆ. ಬಳಗದ ಕೆಲಸ ನೋಡಿಕೊಳ್ಳುತ್ತಿದ್ದ ಸೀತಾಲಕ್ಷ್ಮಿ ಎಂಬುವರಿಂದ ಹದಿನೈದು ದಿನಕ್ಕೆ ಕಾರ್ಡು ಬಂತು. ನೀವು ಏನನ್ನು ಸರಿ ಮಾಡಿದ್ದೀರಿ ಎಂಬುದೇ ನಮಗೆ ತಿಳಿಯಲಿಲ್ಲ, ಸಾಲಿನ ನಂಬರುಗಳೆಲ್ಲ ಬದಲಾಗಿ ಹಳೆಯದಕ್ಕೆ ತಾಳೆ ಹಾಕಲು ಆಗುತ್ತಿಲ್ಲ, ಒಂದು ಸಲಕ್ಕೆ ಒಂದೇ ತಪ್ಪು ತಿದ್ದಿ, ಯಾವ ಸಾಲು, ಮೊದಲು ಏನಿತ್ತು, ಈಗ ಏನು ಹಾಕಿದ್ದೀರಿ, ಯಾವ ಪದ ಬರೆದು ಪರೀಕ್ಷಿಸಿದಿರಿ ಎಂದು ಬರೆದು ಕಳಿಸಿ ಎಂದಿದ್ದರು. ಹೊಗಳಿಕೆಯೂ ಇಲ್ಲ, ಬೈಗುಳವೂ ಇಲ್ಲ. ನನಗೆ ಉರಿದುಹೋಯಿತು. ಕಾರ್ಡನ್ನು ಮಾಸ್ಟ್ರಿಗೆ ತೋರಿಸಿ, "ಅಹಂಕಾರ ನೋಡಿ" ಎಂದೆ.

ಅವರು ಎರಡು ಸಲ ಓದಿದರು. "ಅಹಂಕಾರ ಎಂತದು? ಇನ್ನೊಬ್ರ ಮನೆ ಸೋರ್ತಿದೆ ಅಂತ ಹಂಚು ಸರಿ ಮಾಡೋಕೆ ಹೋದವರು ಅಡುಗೆಮನೆ ಒಡೆದು ಬಂದಿದೀರಿ. ಹಂಚು ಸರಿಯಾಗಿದೆಯೋ ಇಲ್ವೋ ಅಂತ ಅವ್ರು ಹೆಂಗೆ ನೋಡ್ಬೇಕು?"

ಮತ್ತೆ ಮೊದಲಿನ ಪ್ರತಿಯಿಂದ ಶುರು ಮಾಡಿದೆ. ಹನ್ನೊಂದು ಸಾಲು ಮಾತ್ರ ಬದಲಾಯಿತು. ಮಾಸ್ಟ್ರ ಪದಗಳ ಪಟ್ಟಿಯನ್ನೂ ಜೊತೆಗಿಟ್ಟು ಕಳಿಸಿದೆ. ನವೆಂಬರ್ ಸಂಚಿಕೆಯಲ್ಲಿ ಆ ಹನ್ನೊಂದು ಸಾಲುಗಳು ಅಚ್ಚಾದವು, ಹೆಸರುಗಳ ಪಟ್ಟಿ ಆರರಿಂದ ಎಂಟಕ್ಕೆ ಏರಿತು. ಏಳನೆಯದು ಇಬ್ರಾಹಿಂ, ಹೊಸನಗರ. ಎಂಟನೆಯದು ವಸುಧಾ, ಸಾಗರ. ಮಾಸ್ಟ್ರು ಆ ಪುಟಕ್ಕೆ ರಟ್ಟು ಹಾಕಿಸಿ ಗಲ್ಲಾಪೆಟ್ಟಿಗೆಯ ಮೇಲೆ ನಿಲ್ಲಿಸಿಕೊಂಡರು. ಯಾರಾದರೂ ಕೇಳಿದರೆ ಮಾತ್ರ ಹೇಳುತ್ತಿದ್ದರು.

ಆ ವರ್ಷದಲ್ಲಿ ಚೆನ್ನಾಗಿದ್ದದ್ದು ಅಷ್ಟೇ. ಮುಂದಿನದು ಕೊಳಕು.

ಫೆಬ್ರವರಿಯಲ್ಲಿ ವಾರ್ಷಿಕೋತ್ಸವ ಬಂತು. ಮುಖ್ಯ ಅತಿಥಿಗಳ ಎದುರು ಕಂಪ್ಯೂಟರಿನಲ್ಲಿ ಕನ್ನಡ ತೋರಿಸಬೇಕೆಂದು ಪ್ರಿನ್ಸಿಪಾಲರು ಹೇಳಿದ್ದರು. ಅದಕ್ಕೆ ಮೂರು ದಿನ ಮೊದಲು ಸುರೇಂದ್ರ ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು.

"ನೋಡಮ್ಮ ವಸುಧಾ, ಈ ಶುರುವಿನಲ್ಲಿ ಬರೋ ಹೆಸರುಗಳಿದಾವಲ್ಲ, ಅವು ಬೇಡ. ಯಾರು ಇವರೆಲ್ಲ? ಅತಿಥಿಗಳು ಕೇಳಿದ್ರೆ ಏನು ಹೇಳೋದು?"

"ಪ್ರೋಗ್ರಾಂ ಬರೆದವರು ಸರ್."

"ಅವರೇ ಹೇಳಿದಾರಲ್ಲ, ಯಾರು ಬೇಕಾದ್ರೂ ತಗೊಳ್ಳಿ, ತಿದ್ಕೊಳ್ಳಿ ಅಂತ? ನಾವು ತಿದ್ದಿದೀವಿ. ಕಾಲೇಜಿನ ಹೆಸರು ಹಾಕು, ಕೆಳಗೆ ನನ್ನ ಹೆಸರು ಹಾಕು. ಇನ್‌ಚಾರ್ಜ್ ಅಂತ ಯಾರದ್ದಾದ್ರೂ ಇರ್ಬೇಕಲ್ಲ."

"ಹೆಸರು ತೆಗೀಬೇಡಿ ಅಂತ ಬರೆದಿದ್ದಾರೆ ಸರ್. ಇಬ್ರಾಹಿಂ ಮಾಸ್ಟ್ರದ್ದಾದರೂ..."

ಸುರೇಂದ್ರ ನಕ್ಕರು. "ಟೈಪಿಂಗ್ ಇನ್‌ಸ್ಟಿಟ್ಯೂಟಿನವರ ಹೆಸರು ನಮ್ಮ ಕಾಲೇಜಿನ ಕಂಪ್ಯೂಟರ್ ಮೇಲಾ? ಚೆನ್ನಾಗಿರತ್ತೆ." ಆಮೇಲೆ ದನಿ ಇಳಿಸಿದರು. "ಜೂನ್ ಆರ್ಡರ್ ವಿಷಯ ಪ್ರಿನ್ಸಿಪಾಲರ ಹತ್ರ ನಾನು ಮಾತಾಡಿದೀನಿ. ನೀನು ಚಿಂತೆ ಮಾಡ್ಬೇಡ."

ಅವರು ಬೆದರಿಸಲಿಲ್ಲ. ಬೆದರಿಸಿದ್ದರೆ ನಾನು ಅಳುತ್ತಿದ್ದೆನೇನೋ, ಅತ್ತು ಎದ್ದು ಹೋಗುತ್ತಿದ್ದೆನೇನೋ. ಅಷ್ಟು ನಯವಾಗಿ ಕೇಳಿದ್ದರಿಂದ ಕೈ ತಾನಾಗಿ ಕೆಲಸಕ್ಕೆ ಹೋಯಿತು. ಒಂದೊಂದು ಹೆಸರೂ ಒಂದೊಂದು ಸಾಲು. ಸಾಲಿನ ನಂಬರು ಹೊಡೆದು ಎಂಟರ್ ಒತ್ತಿದರೆ ಆ ಸಾಲು ಇಲ್ಲವಾಗುತ್ತದೆ. ಎಂಟು ಸಲ ಒತ್ತಿದೆ. ನನ್ನ ಹೆಸರನ್ನೂ ಅಳಿಸಿದ್ದರಿಂದ ನನಗೂ ನಷ್ಟವಾಗಿದೆ, ಹಾಗಾಗಿ ಇದು ತಪ್ಪಲ್ಲ ಎಂದು ಅಲ್ಲೇ ಕೂತು ನನಗೆ ನಾನೇ ಹೇಳಿಕೊಂಡೆ. ಎಷ್ಟು ಬೇಗ ಆ ಸುಳ್ಳು ಸಿಕ್ಕಿತು ಎಂದು ನೆನೆದರೆ ಈಗ ಮೈ ಮುಳ್ಳೇಳುತ್ತದೆ.

ಸಮಾರಂಭದ ದಿನ ಕಂಪ್ಯೂಟರಿಗೆ ಹೂವಿನ ಹಾರ ಹಾಕಿದರು. ಕೀಲಿಮಣೆಗೆ ಕುಂಕುಮ ಇಟ್ಟರು, ಎದುರಿಗೆ ಕಾಯಿ ಒಡೆದರು, ನೀರು ಸಿಡಿದು ಪ್ರಿಂಟರಿನ ಮೇಲೆ ಬಿತ್ತು. ಮುಖ್ಯ ಅತಿಥಿಗಳು ಎಲೆಯಡಿಕೆ ತುಂಬಿದ ಬಾಯಲ್ಲೇ, "ನಮ್ಮ ಹುಡುಗರು ಏನು ಕಡಿಮೆ" ಎಂದು ಭಾಷಣ ಮಾಡಿದರು. ಪ್ರಿನ್ಸಿಪಾಲರು ಸುರೇಂದ್ರ ಅವರಿಗೆ ಶಾಲು ಹೊದಿಸಿ, ಹಗಲಿರುಳು ದುಡಿದು ಈ ಪ್ರೋಗ್ರಾಂ ರಚಿಸಿದ್ದಾರೆ ಎಂದರು. ಸುರೇಂದ್ರ ತಲೆ ತಗ್ಗಿಸಿ ಕೈ ಮುಗಿದರು. ಚಪ್ಪಾಳೆಯಲ್ಲಿ ನನ್ನದೂ ಇತ್ತು. ಪಕ್ಕದವರಿಗಿಂತ ಒಂದು ಕ್ಷಣ ಹೆಚ್ಚೇ ತಟ್ಟಿದೆ.

ಆಗ ಹಿಂದಿನ ಸಾಲಿನಲ್ಲಿ ಬಿಳಿ ಅಂಗಿ ಕಂಡಿತು. ಜನವರಿಯಲ್ಲಿ ನಾನೇ ಮಾಸ್ಟ್ರನ್ನು ಕರೆದಿದ್ದೆ, ಅದನ್ನು ಮರೆತೇಬಿಟ್ಟಿದ್ದೆ. ಅವರು ಇನ್‌ಸ್ಟಿಟ್ಯೂಟಿಗೆ ಬೀಗ ಹಾಕಿ, ಹೊಸನಗರದಿಂದ ಬಸ್ಸಿನಲ್ಲಿ ಬಂದಿದ್ದರು. ಜನ ಕೋಣೆಯೊಳಗೆ ಸಾಲಾಗಿ ಹೋಗಿ ನೋಡುವಾಗ ಅವರೂ ಹೋದರು. ಜೀವನದಲ್ಲಿ ಮೊದಲ ಸಲ ಕಂಪ್ಯೂಟರ್ ನೋಡುತ್ತಿದ್ದರು. ಪರದೆಯ ಮೇಲೆ ಕಾಲೇಜಿನ ಹೆಸರು, ಸುರೇಂದ್ರ ಅವರ ಹೆಸರು. ಮಾಸ್ಟ್ರು ಕನ್ನಡಕ ಏರಿಸಿ ಓದಿದರು. ಆಮೇಲೆ ಬಾಗಿಲ ಪಕ್ಕ ನಿಂತಿದ್ದ ನನ್ನ ಕಡೆ ತಿರುಗಿದರು.

"ತೀರ್ಥಹಳ್ಳಿ ಅಂತ ಹೊಡೆದು ತೋರಿಸ್ತೀರಾ?"

ಹೊಡೆದೆ. ಅವರು ಬಗ್ಗಿ ನೋಡಿದರು.

"ಥ ಸರಿ ಬಂದಿದೆ," ಎಂದು ಹೇಳಿ ಚಪ್ಪಲಿ ಮೆಟ್ಟಿಕೊಂಡು ಹೋದರು. ಊಟಕ್ಕೆ ನಿಲ್ಲಲಿಲ್ಲ.

ಒಂಬತ್ತು ದಿನ ನಾನು ಹೊಸನಗರದ ಕಡೆ ತಲೆ ಹಾಕಲಿಲ್ಲ. ಕಾಲೇಜಿನಲ್ಲಿ ಸುರೇಂದ್ರ ಜೋಕು ಶುರು ಮಾಡಿದರೆ ಎದ್ದು ಪ್ರಿಂಟರಿಗೆ ಹಾಳೆ ಹಾಕಲು ಹೋಗುತ್ತಿದ್ದೆ. ಪ್ರೋಗ್ರಾಮಿನ ಪ್ರತಿಗಳನ್ನು ಅವರು ತಮ್ಮ ಪರಿಚಯದ ಮೂರು ಆಫೀಸುಗಳಿಗೆ ಕೊಟ್ಟರು. ಮೂರು ಫ್ಲಾಪಿಯನ್ನೂ ಸಿದ್ಧ ಮಾಡಿದ್ದು ನಾನೇ. ಹತ್ತನೆಯ ದಿನ ಭಾನುವಾರ, ಮಾಸ್ಟ್ರ ಇನ್‌ಸ್ಟಿಟ್ಯೂಟಿಗೆ ಹೋದೆ. ಕಲಿಯುವವರು ಇರಲಿಲ್ಲ. ಅವರು ಒಂದು ಮಿಷನ್ನಿಗೆ ಎಣ್ಣೆ ಬಿಡುತ್ತಿದ್ದರು. ಗಲ್ಲಾಪೆಟ್ಟಿಗೆಯ ಮೇಲಿನ ರಟ್ಟು ಹಾಗೇ ಇತ್ತು.

"ಅಳಿಸಿದ್ದು ಸುರೇಂದ್ರ ಅಲ್ಲ ಮಾಸ್ಟ್ರೇ, ನಾನು," ಎಂದೆ.

"ಗೊತ್ತು. ಆ ಮನುಷ್ಯನಿಗೆ ಅಳಿಸೋಕೆ ಬರಲ್ಲ ಅಂತ ನೀನೇ ಹೇಳಿದ್ದೆ."

ಎಷ್ಟೋ ವರ್ಷದ ಮೇಲೆ ಏಕವಚನ ಬಂದಿತ್ತು. ಪ್ರೀತಿಯಿಂದ ಬಂದದ್ದಲ್ಲ.

"ನಿಮ್ಮ ಹೆಸರು ತೆಗೆದಿದ್ದಕ್ಕೆ..."

"ನನ್ನ ಹೆಸರು ಬಿಡು. ಹೊರಗೆ ಬೋರ್ಡಿನ ಮೇಲಿದೆ, ಅಷ್ಟು ಸಾಕು. ಉಳಿದ ಆರು ಜನ ಯಾರು?"

"ಗೊತ್ತಿಲ್ಲ."

"ಒಬ್ಬರನ್ನಾದ್ರೂ ನೋಡಿದೀಯಾ?"

"ಇಲ್ಲ ಮಾಸ್ಟ್ರೇ."

"ಅದಕ್ಕೇ ಸುಲಭ ಆಯ್ತು." ಎಣ್ಣೆಯ ಡಬ್ಬಿ ಮುಚ್ಚಿ, ಕೈ ಒರೆಸಿಕೊಂಡರು. "ನಿನ್ನ ಮುಖ ನೋಡ್ದೇ ಇದ್ರೂ ಅವರು ಎಲ್ಲಾ ಕೊಟ್ಟಿದ್ರಲ್ಲ. ಥೂ ಅನ್ಸತ್ತೆ, ವಸುಧಾ. ನಾನು ಕಲಿಸಿದ ಬೆರಳು ಅಂತ ಇನ್ನೂ ಥೂ ಅನ್ಸತ್ತೆ."

ನಾನು ಅಳಲಿಲ್ಲ. ಅಳುವುದಕ್ಕೂ ನನಗೆ ನಾಚಿಕೆಯಾಯಿತು. ಅವರು ಮಿಷನ್ನಿಗೆ ಹಾಳೆ ಏರಿಸಿ, "ಹೇಳು" ಎಂದರು. ಸೀತಾಲಕ್ಷ್ಮಿ ಅವರಿಗೆ ಕಾಗದ. ನಾನು ಹೇಳುತ್ತ ಹೋದೆ, ಅವರು ಹೊಡೆಯುತ್ತ ಹೋದರು. ಯಾವ ದಿನ ಅಳಿಸಿದೆ, ಯಾರು ಹೇಳಿದ್ದರಿಂದ, ಯಾವ ಹೆಸರು ಹಾಕಿದೆ, ಎಲ್ಲೆಲ್ಲಿಗೆ ಪ್ರತಿ ಹೋಗಿದೆ. ನೌಕರಿಯ ಭಯದಿಂದ ಮಾಡಿದೆ ಎಂದು ಸೇರಿಸಲು ಹೋದಾಗ ಅವರ ಕೈ ನಿಂತಿತು. "ಅದು ಅವರಿಗೆ ಬೇಕಾ?" ಎಂದರು. ಬೇಡ ಎಂದೆ. ಕೊನೆಯಲ್ಲಿ ಹೆಸರುಗಳನ್ನು ಮತ್ತೆ ಸೇರಿಸುವುದಾಗಿ ಬರೆಸಿ, ಒಂದೊಂದಾಗಿ ಹೇಳಿದೆ. ಏಳಕ್ಕೆ ನಿಲ್ಲಿಸಿದೆ.

"ಇನ್ನೊಂದು?"

"ನನ್ನದು ಬೇಡ. ಹಾಕಿಕೊಳ್ಳೋ ಯೋಗ್ಯತೆ ಇಲ್ಲ."

"ಯೋಗ್ಯತೆ ನೋಡಿ ಹಾಕೋದಾ ಹೆಸರು? ನಾಳೆ ಥ ಮತ್ತೆ ಕೆಟ್ಟರೆ ಜನ ಯಾರನ್ನ ಕೇಳ್ಬೇಕು? ಅದಕ್ಕೆ ಹಾಕೋದು." ನಾನು ಉತ್ತರ ಕೊಡುವುದರೊಳಗೆ ಅವರೇ ಎಂಟನೆಯ ಹೆಸರು ಹೊಡೆದು ಹಾಳೆ ಎಳೆದರು. "ಸಹಿ ಹಾಕು."

ಸೀತಾಲಕ್ಷ್ಮಿ ಅವರ ಕಾರ್ಡು ಮಾರ್ಚ್‌ನಲ್ಲಿ ಬಂತು. ನಿಮ್ಮ ಕಾಗದವನ್ನು ಇದ್ದ ಹಾಗೇ ಮುಂದಿನ ಸಂಚಿಕೆಯಲ್ಲಿ ಹಾಕುತ್ತೇವೆ, ಘ ಅಕ್ಷರ ಇನ್ನೂ ಸ್ವಲ್ಪ ಎಡಕ್ಕೆ ಬರುತ್ತಿದೆ, ಸಾಧ್ಯವಾದರೆ ನೋಡಿ ಎಂದಷ್ಟೇ ಇತ್ತು. ಕ್ಷಮಿಸಿದ್ದೇವೆ ಎಂದಿರಲಿಲ್ಲ. ಹಾಗೆ ಬರೆಯದೆ ಇದ್ದದ್ದೇ ಒಳ್ಳೆಯದಾಯಿತು. ಕಾಗದ ಅಚ್ಚಾಯಿತು. ಸಂಚಿಕೆ ಕಾಲೇಜಿನ ಲೈಬ್ರರಿಗೂ ಬಂತು, ಈ ಸಲ ಅದನ್ನು ಎಲ್ಲರೂ ಓದಿದರು. ಕಾಲೇಜಿನ ಕಂಪ್ಯೂಟರಿನಲ್ಲಿ ನಾನು ಹೆಸರುಗಳನ್ನು ಮತ್ತೆ ಹಾಕಿದ ಮರುದಿನದಿಂದ ಸುರೇಂದ್ರ ನನಗೆ ಕೋಣೆಯ ಬೀಗದ ಕೈ ಕೊಡಲಿಲ್ಲ. ಅವರಿಗೆ ಏನೂ ಆಗಲಿಲ್ಲ, ಆಗುವುದೂ ಇಲ್ಲವೆಂದು ಗೊತ್ತಿತ್ತು. ನನ್ನನ್ನು ಪ್ರಿನ್ಸಿಪಾಲರು ಕರೆಸಿ, "ಸಂಸ್ಥೆಯ ಮಾನ ಅಂತ ಒಂದಿರತ್ತಮ್ಮ" ಎಂದರು. ಜೂನ್‌ನಲ್ಲಿ ಆರ್ಡರು ಬರಲಿಲ್ಲ.

ಆದರೆ ಅದಕ್ಕೂ ಮೊದಲು, ಏಪ್ರಿಲ್ ರಜೆಯಲ್ಲಿ, ಸರಿಪಡಿಸಿದ ಫ್ಲಾಪಿ ಹಿಡಿದು ಆ ಮೂರು ಆಫೀಸುಗಳಿಗೆ ಹೋದೆ. ಸಾಗರದ ಸಹಕಾರ ಸಂಘದಲ್ಲಿ ಗುಮಾಸ್ತರು, "ಕೆಲಸ ಕೆಡ್ದೇ ಇದ್ರೆ ಏನಾದ್ರೂ ಮಾಡ್ಕಳಿ" ಎಂದು ಕುರ್ಚಿ ಬಿಟ್ಟುಕೊಟ್ಟರು. ಎರಡನೆಯದು ಹೊಸನಗರದ ಒಂದು ಪ್ರೆಸ್ಸು. ಅದರ ಯಜಮಾನರು ಮಾಸ್ಟ್ರ ಶಿಷ್ಯ, ಪಟ್ಟಿಯಲ್ಲಿ ಗುರುಗಳ ಹೆಸರು ನೋಡಿ ಕಾಫಿ ತರಿಸಿದರು. ಕೊನೆಯದು ತೀರ್ಥಹಳ್ಳಿಯ ಒಂದು ಖಾಸಗಿ ಸಂಸ್ಥೆಯ ಆಫೀಸು. ಅಲ್ಲಿಯ ಮ್ಯಾನೇಜರು ನನ್ನ ಮಾತನ್ನೆಲ್ಲ ಕೇಳಿಸಿಕೊಂಡರು.

"ಹಂಗೆಲ್ಲ ಮುಟ್ಟಕ್ಕೆ ಬಿಡಕ್ಕಾಗಲ್ಲ ಮೇಡಂ. ಸುರೇಂದ್ರ ಸರ್ ಮಾಡಿದ್ದು ಅದು. ಅವರ ಕೈಲಿ ಒಂದು ಕಾಗದ ಬರೆಸ್ಕಂಡು ಬನ್ನಿ."

"ಅವರು ಮಾಡಿದ್ದಲ್ಲ."

"ಹೆಸರು ಅವರದೇ ಇದೆಯಲ್ಲ. ಓದಿ ನೀವೇ."

ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. ಮೇಲೆ ಕಾಲೇಜಿನ ಹೆಸರು, ಕೆಳಗೆ ಸುರೇಂದ್ರ ಅವರ ಹೆಸರು. ನಾನು ಬಹಳ ಹೊತ್ತು ನೋಡಿದೆ. ಕಾಲೇಜಿನಲ್ಲಿ ಅದೇ ಪರದೆಯ ಮುಂದೆ ಅಷ್ಟು ದಿನ ಕೂತಿದ್ದರೂ ನಾನು ನೋಡದೆ ಬಿಟ್ಟದ್ದು ಒಂದಿತ್ತು. ಎರಡು ಸಾಲೂ ಪರದೆಯ ನಟ್ಟನಡುವೆ ಚೆಂದವಾಗಿ ನಿಂತಿದ್ದವು. ಹಾಗೆ ನಿಲ್ಲಬೇಕಾದರೆ ಅಕ್ಷರಗಳ ಅಗಲವನ್ನು ಕೂಡಿ, ಎಡಕ್ಕೂ ಬಲಕ್ಕೂ ಬಿಡಬೇಕಾದ ಜಾಗವನ್ನು ಪೆನ್ಸಿಲು ಹಿಡಿದು ಲೆಕ್ಕ ಹಾಕಬೇಕು. ನಾನು ಲೆಕ್ಕ ಹಾಕಿದ್ದೆ. ಮೊದಲ ಸಲ ಸ್ವಲ್ಪ ಬಲಕ್ಕೆ ಹೋಯಿತೆಂದು ಮತ್ತೆ ಸರಿಸಿ ಕೂರಿಸಿದ್ದೆ. ಹಾಗೆ ಮಾಡು ಎಂದು ನನಗೆ ಯಾರೂ ಹೇಳಿರಲಿಲ್ಲ.